8 ಬಿಟ್ಟಾ, 16 ಬಿಟ್ಟಾ? ಮನೆಯ ಹಳೆ ಫೋಟೊಗಳನ್ನು ಸ್ಕ್ಯಾನ್ ಮಾಡಿ ಮುಗಿಸಿದ ಅನುಭವ

ಮನೆಯ ಹಳೆ ಫೋಟೊಗಳನ್ನು ಸ್ಕ್ಯಾನ್ ಮಾಡುವ ಕೆಲಸ ಕೊನೆಗೂ ಮುಗಿಯಿತು. ಯುಗಾದಿ ಕಳೆದ ಮೇಲೆ ಕೈ ಹಾಕಿದ್ದೆ. ದೀಪಾವಳಿ ಹೊತ್ತಿಗೆ ಕೊನೆಯ ನೆಗೆಟಿವ್ ಕವರಿನೊಳಗೆ ಹೋಯಿತು. ಫೋಟೊ ಒರೆಸಿ ಗಾಜಿನ ಮೇಲೆ ಇಡುವುದು ಯಾರಿಗಾದರೂ ಬರುತ್ತದೆ. ತಲೆ ಕೆಡಿಸಿದ್ದು ಬೇರೆ ಪ್ರಶ್ನೆಗಳು. ಫೋಟೊ ಉಳಿಸುವ ಫೈಲನ್ನು ಎಲ್ಲರೂ ಬಳಸುವ ಚಿಕ್ಕ ಜೆಪೆಗ್ ಮಾಡಬೇಕಾ, ಭಾರವಾದ ಟಿಫ್ ಮಾಡಬೇಕಾ? ಕಪ್ಪಿನಿಂದ ಬಿಳುಪಿನವರೆಗಿನ ಹಂತಗಳನ್ನು ಎಷ್ಟು ಸೂಕ್ಷ್ಮವಾಗಿ ಹಿಡಿಯಬೇಕು, 8 ಬಿಟ್ ಸಾಕಾ, 16 ಬಿಟ್ ಬೇಕಾ? ಕೇಳಿದವರೆಲ್ಲ ಒಂದೊಂದು ಹೇಳಿದರು. ತುಮಕೂರಿನಲ್ಲಿ ಕೂತು ನಾನು ಪಟ್ಟ ಪಾಡು ಇನ್ನೊಬ್ಬರಿಗೆ ಬೇಡ ಅಂತ ನಡೆದದ್ದನ್ನು ನಡೆದ ಹಾಗೇ ಬರೆಯುತ್ತಿದ್ದೇನೆ.

ಅಪ್ಪ ಇಲ್ಲಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿದ್ದರು. ಅವರ ಹತ್ತಿರ ಆಗ್ಫಾ ಕ್ಲಿಕ್ 3 ಕ್ಯಾಮೆರಾ ಇತ್ತು. 120 ಅನ್ನುವ ಅಗಲದ ಫಿಲ್ಮ್ ರೋಲ್ ಹಾಕಿದರೆ 12 ಚೌಕ ಫೋಟೊ ಬರುತ್ತಿತ್ತು. ಸಿದ್ಧಗಂಗೆ ಜಾತ್ರೆಯ ಹೋರಿಗಳು, ದೇವರಾಯನದುರ್ಗದ ಮೆಟ್ಟಿಲು, ನಾಮದ ಚಿಲುಮೆಯ ಹತ್ತಿರ ಬುತ್ತಿ ಬಿಚ್ಚಿ ಕೂತ ನೆಂಟರು, ಎಲ್ಲ ಅದರಲ್ಲೇ ತೆಗೆದದ್ದು. ಆಮೇಲೆ ಬಣ್ಣದ ಕಾಲ ಬಂತು. ಅಕ್ಕನ ಮದುವೆ ಆಲ್ಬಮ್, ಅಣ್ಣನ ಮಕ್ಕಳ ನಾಮಕರಣ, 35 ಎಂಎಂ ನೆಗೆಟಿವ್‌ಗಳ ಕಂತೆ. ಇವೆಲ್ಲ ಅಟ್ಟದ ಮೇಲೆ ಒಂದು ಟ್ರಂಕಿನಲ್ಲಿದ್ದವು. ಹೆಂಚಿನ ಕೆಳಗಿನ ಅಟ್ಟ. ಬೇಸಿಗೆಯಲ್ಲಿ ಅಲ್ಲಿ ಕೈ ಇಡಲು ಆಗುವುದಿಲ್ಲ, ಅಷ್ಟು ಕಾವು. ಟ್ರಂಕ್ ತೆಗೆದಾಗ ಕೆಲವು ನೆಗೆಟಿವ್‌ಗಳಿಗೆ ಬೂಷ್ಟು ಹಿಡಿದಿತ್ತು. ಅಕ್ಕನ ಮದುವೆ ಫೋಟೊಗಳು ಪೂರಾ ಕೆಂಪಾಗಿದ್ದವು. ಅಮ್ಮ ಒಂದು ಫೋಟೊ ಕೈಯಲ್ಲಿ ಹಿಡಿದು, "ಇದು ಹಸಿರು ಅಂಚಿನ ಸೀರೆ ಕಣೇ, ಈಗ ನೋಡು" ಅಂದರು. ಅಂಚು ಕಂದಾಗಿತ್ತು. ಇನ್ನು ತಡ ಮಾಡಬಾರದು ಅಂತ ಅವತ್ತೇ ತೀರ್ಮಾನ ಮಾಡಿದೆ.

ಮೊದಲು ಊರಿನ ಒಂದು ಸ್ಟುಡಿಯೋಗೆ ಸ್ವಲ್ಪ ಫೋಟೊ ಕೊಟ್ಟು ನೋಡಿದೆ. ಒಂದಕ್ಕೆ 15 ರೂಪಾಯಿ. ಮದುವೆ ಸೀಸನ್ ಬೇರೆ, "ನಾಳೆ ಬನ್ನಿ ಮೇಡಂ" ಅನ್ನುತ್ತಲೇ ವಾರಗಳು ಕಳೆದವು. ಕೊನೆಗೆ ಪೆನ್‌ಡ್ರೈವ್‌ನಲ್ಲಿ ಸಿಕ್ಕಿದ್ದು 300 ಡಿಪಿಐ (ಒಂದು ಇಂಚಿಗೆ 300 ಚುಕ್ಕೆ) ಜೆಪೆಗ್‌ಗಳು, ಜೊತೆಗೆ ಎಲ್ಲ ಫೋಟೊ ಸೇರಿಸಿದ ಒಂದು ಪಿಡಿಎಫ್. ಸಾಫ್ಟ್‌ವೇರ್ ತಾನೇ ಬೆಳಕು ಹೆಚ್ಚಿಸಿ ಕೊಟ್ಟಿತ್ತು. ಹಾಗಾಗಿ ಅಜ್ಜಿಯ ಬಿಳಿ ಸೆರಗಿನ ಮಡಿಕೆಗಳೇ ಇರಲಿಲ್ಲ, ಬರೀ ಬಿಳಿ ಜಾಗ. ಕಾಗದದ ಫೋಟೊದಲ್ಲಿ ಆ ಮಡಿಕೆಗಳು ಚೆನ್ನಾಗಿಯೇ ಕಾಣುತ್ತವೆ. ಟಿಫ್ ಫೈಲ್ ಕೊಡುತ್ತೀರಾ ಅಂತ ಕೇಳಿದೆ. "ಟಿಫ್ ಯಾರೂ ಕೇಳಲ್ಲ ಮೇಡಂ, ಫೈಲು ಭಾರ ಆಗುತ್ತೆ, ಮೊಬೈಲಲ್ಲಿ ಓಪನ್ನೂ ಆಗಲ್ಲ" ಅಂದರು. ಅವರ ದಿನದ ಕೆಲಸಕ್ಕೆ ಅದು ಸರಿ. ನೆಂಟರಿಗೆ ಕಳಿಸುವ ಫೋಟೊಗೆ ಅಷ್ಟೇ ಸಾಕು. ಆದರೆ ಮೂಲ ಫೋಟೊ ನಾಳೆ ಹಾಳಾದರೆ ಅದರ ಜಾಗದಲ್ಲಿ ನಿಲ್ಲಬೇಕಾದ ಫೈಲಿಗೆ ಇದು ಸಾಲದು.

ಸ್ಟುಡಿಯೋಗೆ ಕೊಡುವವರು ನಾಲ್ಕು ಮಾತು ಮೊದಲೇ ಕೇಳಿಕೊಳ್ಳಿ. ಎಷ್ಟು ಡಿಪಿಐ, ಯಾವ ಫೈಲು, ಆಟೋ ಕರೆಕ್ಷನ್ ಆಫ್ ಮಾಡುತ್ತೀರಾ, ಅಂಚು ಕತ್ತರಿಸದೆ ಪೂರ್ತಿ ಫೋಟೊ ಕೊಡುತ್ತೀರಾ. ಹಿಂದುಗಡೆ ಬರಹ ಇದ್ದರೆ ಹಿಂಬದಿಯನ್ನೂ ಸ್ಕ್ಯಾನ್ ಮಾಡಿಸಿ. ನಮ್ಮ ಅಪ್ಪ ಪೆನ್ಸಿಲಿನಲ್ಲಿ ಬರೆದ ಊರು, ತಿಂಗಳುಗಳೆಲ್ಲ ಅಲ್ಲೇ ಇದ್ದವು.

ಬೆಂಗಳೂರಿನ ಒಬ್ಬರು 600 ಡಿಪಿಐ, 48 ಬಿಟ್ ಟಿಫ್ ಮಾಡಿಕೊಡುತ್ತೇವೆ ಅಂದರು (ಈ 48ರ ಲೆಕ್ಕ ಮುಂದೆ ಹೇಳುತ್ತೇನೆ). ಆದರೆ ಆಲ್ಬಮ್‌ಗಳನ್ನು ಕೊರಿಯರ್ ಮಾಡಬೇಕಿತ್ತು. ಅಮ್ಮ ಒಪ್ಪಲಿಲ್ಲ. ದಾರಿಯಲ್ಲಿ ಕಳೆದುಹೋದರೆ ಯಾರನ್ನು ಕೇಳುವುದು ಅಂದರು. ಅವರ ಮಾತು ನನಗೂ ಸರಿ ಅನ್ನಿಸಿತು. ಕೊನೆಗೆ ಸ್ನೇಹಿತೆಯ ಭಾವನ ಹತ್ತಿರ ಇದ್ದ ಎಪ್ಸನ್ ಪರ್ಫೆಕ್ಷನ್ ವಿ600 ಸ್ಕ್ಯಾನರನ್ನು 14 ಸಾವಿರಕ್ಕೆ ತಂದೆ.

ಯಾಕೆ ಅದೇ ಅಂದರೆ, ಅಗ್ಗದ ತೆಳ್ಳನೆಯ ಸ್ಕ್ಯಾನರ್‌ಗಳಲ್ಲಿ ಸಾಮಾನ್ಯವಾಗಿ ಸಿಐಎಸ್ ಅನ್ನುವ ಸೆನ್ಸರ್ ಇರುತ್ತದೆ. ಫೋಟೊ ಗಾಜಿಗೆ ಪೂರ್ತಿ ಅಂಟಿಕೊಂಡಿದ್ದರೆ ಮಾತ್ರ ಅದು ಸ್ಪಷ್ಟವಾಗಿ ತೋರಿಸುತ್ತದೆ. ಸ್ವಲ್ಪ ಬಗ್ಗಿದ ಫೋಟೊ ಆದರೂ ಆ ಭಾಗ ಮಸುಕು. ವಿ600ನಲ್ಲಿ ಸಿಸಿಡಿ ಸೆನ್ಸರ್ ಇದೆ. ಸುರುಟಿದ ಹಳೆ ಫೋಟೊಗೆ ಅದು ವಾಸಿ. ಮುಚ್ಚಳದಲ್ಲಿ ದೀಪ ಇರುವುದರಿಂದ ನೆಗೆಟಿವ್‌ಗಳೂ ಬರುತ್ತವೆ, 120 ಫಿಲ್ಮ್ ಸೇರಿ. ನಿಮ್ಮ ಹತ್ತಿರ ಬರೀ ಪ್ರಿಂಟ್‌ಗಳಿದ್ದು, ಎಲ್ಲ ನೆಟ್ಟಗಿದ್ದರೆ ಇಷ್ಟು ದುಡ್ಡು ಸುರಿಯುವುದು ಬೇಕಿಲ್ಲ. ಹಳೆಯದು ಕೊಳ್ಳುವಾಗ ಫಿಲ್ಮ್ ಹೋಲ್ಡರ್‌ಗಳು ಇವೆಯಾ ಅಂತ ಕಣ್ಣಾರೆ ನೋಡಿ. ನನಗೆ 120ರ ಹೋಲ್ಡರ್ ಸಿಕ್ಕಿರಲಿಲ್ಲ. ಅದನ್ನು ಬೇರೆಯಾಗಿ ತರಿಸಲು 1,800 ರೂಪಾಯಿ ಹೋಯಿತು. ಅದು ಬರುವವರೆಗೆ ಅಪ್ಪನ ನೆಗೆಟಿವ್‌ಗಳು ಹಾಗೇ ಕಾಯಬೇಕಾಯಿತು.

ಸ್ಕ್ಯಾನರ್ ಪೆಟ್ಟಿಗೆಯ ಮೇಲೆ 48 ಬಿಟ್ ಅಂತ ದೊಡ್ಡದಾಗಿ ಬರೆದಿತ್ತು. ಅಣ್ಣನ ಮಗ ಲ್ಯಾಪ್‌ಟಾಪ್‌ಗೆ ಜೋಡಿಸಿ, ವಿಂಡೋಸ್‌ನಲ್ಲೇ ಇರುವ ಸ್ಕ್ಯಾನ್ ಆ್ಯಪ್‌ನಲ್ಲಿ ಮೊದಲ ಫೋಟೊ ತೆಗೆದ. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಡೀಟೇಲ್ಸ್ ನೋಡಿದರೆ ಬಿಟ್ ಡೆಪ್ತ್ 24 ಅಂತ ಇತ್ತು. ಪೆಟ್ಟಿಗೆ ಮೇಲೆ ಬರೆದಿರುವುದು ಯಂತ್ರದ ಶಕ್ತಿ ಅಷ್ಟೇ. ನಿಮ್ಮ ಫೈಲಿಗೆ ಅದು ಬಂದು ಸೇರಿದೆ ಅಂತ ಅರ್ಥ ಅಲ್ಲ. ಇದನ್ನು ಮೊದಲ ಫೋಟೊದಲ್ಲೇ ನೋಡಿಕೊಳ್ಳಿ. ನೂರು ಫೋಟೊ ಆದ ಮೇಲೆ ಗೊತ್ತಾದರೆ ಬಹಳ ಬೇಜಾರು.

ಈ ಲೆಕ್ಕ ಒಂದು ಸಲ ತಲೆಗೆ ಹೋದರೆ ಆಮೇಲೆ ಸಲೀಸು. 8 ಬಿಟ್ ಅಂದರೆ ಕಡು ಕಪ್ಪಿನಿಂದ ಅಚ್ಚ ಬಿಳುಪಿನವರೆಗೆ 256 ಹಂತ. 16 ಬಿಟ್ ಅಂದರೆ 65,536 ಹಂತ. ಬಣ್ಣದ ಫೋಟೊದಲ್ಲಿ ಕೆಂಪು, ಹಸಿರು, ನೀಲಿ ಅಂತ ಮೂರು ಪದರ. ಮೂರಕ್ಕೂ 8 ಅಂದರೆ 24 ಬಿಟ್, ಮೂರಕ್ಕೂ 16 ಅಂದರೆ 48 ಬಿಟ್. ಫೋಟೊಶಾಪ್‌ನವರು 8 ಅನ್ನುತ್ತಾರೆ, ಸ್ಕ್ಯಾನರ್‌ನವರು 24 ಅನ್ನುತ್ತಾರೆ. ಎರಡೂ ಒಂದೇ. ಅದೇ ರೀತಿ 16 ಮತ್ತು 48 ಒಂದೇ. ಇದು ಗೊತ್ತಿಲ್ಲದೆ ಒಬ್ಬರು 24 ಅಂದಿದ್ದಕ್ಕೆ ಇನ್ನೊಬ್ಬರು 16 ಅಂದದ್ದನ್ನು ಹೋಲಿಸಿ ನೋಡಿ ನಾವು ಒಂದು ಸಂಜೆ ಪೂರ್ತಿ ಗೊಂದಲದಲ್ಲಿ ಕಳೆದೆವು.

ಎಪ್ಸನ್‌ನವರದೇ ಸಾಫ್ಟ್‌ವೇರ್ ಹಾಕಿ, ಪ್ರೊಫೆಷನಲ್ ಮೋಡ್‌ಗೆ ಹೋದರೆ 48 ಬಿಟ್ ಸಿಗುತ್ತದೆ. ಅದನ್ನು ಒತ್ತಿದ್ದೇ ಹುಡುಗ, "ಅತ್ತೆ, ಜೆಪೆಗ್ ಬರ್ತಾ ಇಲ್ಲ, ಏನೋ ಕೆಟ್ಟಿದೆ" ಅಂತ ಕೂಗಿದ. ಏನೂ ಕೆಟ್ಟಿರಲಿಲ್ಲ. ನಾವೆಲ್ಲ ಬಳಸುವ ಜೆಪೆಗ್‌ನಲ್ಲಿ ಒಂದು ಬಣ್ಣಕ್ಕೆ 8 ಬಿಟ್ಟಿಗಿಂತ ಜಾಸ್ತಿ ಹಿಡಿಸುವುದಿಲ್ಲ. 16 ಬಿಟ್ ಬೇಕು ಅಂದರೆ ಟಿಫ್ ಅಥವಾ ಪಿಎನ್‌ಜಿ ಥರದ ಫೈಲಿಗೇ ಹೋಗಬೇಕು. ಅಂದರೆ ಬಿಟ್ ಎಷ್ಟು, ಫೈಲ್ ಯಾವುದು ಅನ್ನುವುದು ಎರಡು ಪ್ರಶ್ನೆಯಾದರೂ ಒಂದನ್ನು ಬಿಟ್ಟು ಇನ್ನೊಂದಿಲ್ಲ.

ಇಷ್ಟಾದರೂ 16 ಬಿಟ್ಟಿನಿಂದ ಕಣ್ಣಿಗೆ ಕಾಣುವ ಲಾಭ ಏನು ಅನ್ನುವುದು ನನಗೆ ಗೊತ್ತಾಗಬೇಕಿತ್ತು. ಸುಮ್ನೆ ಯಾರೋ ಹೇಳಿದರು ಅಂತ ದೊಡ್ಡ ಫೈಲ್ ಮಾಡುವುದರಲ್ಲಿ ಅರ್ಥ ಇಲ್ಲ ಅಲ್ವಾ? ಅಕ್ಕನ ಮದುವೆಯ ಒಂದು ಫೋಟೊ ತೆಗೆದುಕೊಂಡೆ. ಧಾರೆ ಮುಗಿದು ಅಕ್ಕ, ಭಾವ ನಿಂತಿದ್ದಾರೆ. ಹಿಂದೆ ಛತ್ರದ ತಿಳಿನೀಲಿ ಗೋಡೆ. ಅದನ್ನು 24 ಬಿಟ್ಟಿನಲ್ಲಿ ಒಂದು, 48 ಬಿಟ್ಟಿನಲ್ಲಿ ಒಂದು ಸ್ಕ್ಯಾನ್ ಮಾಡಿದೆವು. ತೆರೆದು ಅಕ್ಕಪಕ್ಕ ಇಟ್ಟರೆ ಎರಡಕ್ಕೂ ಏನೇನೂ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಗೊತ್ತಾಗಿದ್ದು ಬಣ್ಣ ಸರಿ ಮಾಡಲು ಹೋದಾಗ.

ಆ ಕಾಲದ ಬಣ್ಣದ ಪ್ರಿಂಟ್‌ಗಳು ಕೆಂಪಾಗುವುದಕ್ಕೆ ಒಂದು ಕಾರಣ ಇದೆ. ಕಾಗದದಲ್ಲಿ ಮೂರು ಬಣ್ಣದ ಪದರ ಇರುತ್ತದೆ. ಹಸಿರುನೀಲಿ, ಕೆನ್ನೇರಳೆ ಮತ್ತು ಹಳದಿ. ಕತ್ತಲಲ್ಲಿ ಮುಚ್ಚಿಟ್ಟಿದ್ದರೂ ಶಾಖಕ್ಕೆ ಹಸಿರುನೀಲಿ ಪದರ ಬೇಗ ಮಾಸುತ್ತದೆ. ಕೆಂಪನ್ನು ತಡೆಯುವುದು ಅದೇ ಪದರ. ಅದು ಹೋದರೆ ಫೋಟೊ ತುಂಬ ಕೆಂಪು. ಸ್ಕ್ಯಾನ್ ಮಾಡಿದ ಫೈಲಿನಲ್ಲಿ ಕೆಂಪು ಪದರದ ಹಿಸ್ಟೋಗ್ರಾಂ (ಯಾವ ಹಂತದಲ್ಲಿ ಎಷ್ಟು ಚುಕ್ಕೆ ಇವೆ ಅಂತ ತೋರಿಸುವ ನಕ್ಷೆ) ನೋಡಿದರೆ, 0ಯಿಂದ 255ರವರೆಗೆ ಹರಡಬೇಕಾದ್ದು 140ರಿಂದ 220ರ ನಡುವೆ ಗುಡ್ಡೆ ಹಾಕಿಕೊಂಡು ಕೂತಿತ್ತು. ಸರಿ ಮಾಡುವುದು ಅಂದರೆ ಆ ಗುಡ್ಡೆಯನ್ನು ಎಳೆದು ಎರಡೂ ತುದಿಯವರೆಗೆ ಹರಡುವುದು. 24 ಬಿಟ್ ಫೈಲಿನಲ್ಲಿ ಆ ಗುಡ್ಡೆಯೊಳಗೆ ಇರುವುದೇ ಸುಮಾರು 80 ಹಂತ. ಎಳೆದ ಮೇಲೆ ಹಿಸ್ಟೋಗ್ರಾಂ ಬಾಚಣಿಗೆ ಹಲ್ಲಿನ ಹಾಗಾಯಿತು, ಒಂದು ಗೆರೆ, ಆಮೇಲೆ ಖಾಲಿ, ಮತ್ತೊಂದು ಗೆರೆ. ಫೋಟೊದಲ್ಲಿ ಛತ್ರದ ಗೋಡೆ ನುಣ್ಣಗೆ ಇರುವ ಬದಲು ಪಟ್ಟಿ ಪಟ್ಟಿಯಾಗಿ ಕಂಡಿತು. ಅಕ್ಕನ ಕೆನ್ನೆಯ ಮೇಲೂ ಒಂದು ಅಂಚು ಎದ್ದಿತು. 48 ಬಿಟ್ ಫೈಲಿನಲ್ಲಿ ಅದೇ ಗುಡ್ಡೆಯೊಳಗೆ 20 ಸಾವಿರಕ್ಕೂ ಜಾಸ್ತಿ ಹಂತ. ಅಷ್ಟೇ ಎಳೆದರೂ ಗೋಡೆ ನುಣ್ಣಗೇ ಉಳಿಯಿತು. ಸೀರೆಯ ಅಂಚು ಹಸಿರಾಗಿ ತೆರೆಯ ಮೇಲೆ ಬಂದಾಗ ಅಮ್ಮನನ್ನು ಅಡುಗೆಮನೆಯಿಂದ ಕರೆದು ತೋರಿಸಿದೆ. ಅವರು ಬಹಳ ಹೊತ್ತು ನೋಡಿ, "ಇದೇ ಹಸಿರು" ಅಂದರು. ನನಗೆ ಆ ಬೇಸಿಗೆಯಲ್ಲಿ ಅಷ್ಟು ಸಂತೋಷ ಬೇರೆ ಯಾವುದರಿಂದಲೂ ಆಗಲಿಲ್ಲ.

ಇದೇ ಪರೀಕ್ಷೆಯನ್ನು 2004ರ ಒಂದು ನಾಮಕರಣದ ಫೋಟೊ ಮೇಲೆ ಮಾಡಿದೆವು. ಬಣ್ಣ ಚೆನ್ನಾಗೇ ಇತ್ತು. ಸ್ವಲ್ಪ ಬೆಳಕು ಜಾಸ್ತಿ ಮಾಡಿದ್ದಷ್ಟೇ. 24, 48 ಎರಡೂ ಒಂದೇ ಥರ. ನೂರಕ್ಕೆ ಇನ್ನೂರು ಜೂಮ್ ಮಾಡಿ ಹುಡುಕಿದರೂ ಬೇರೆ ಕಾಣಲಿಲ್ಲ. ಅಲ್ಲಿಗೆ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಈ ಫೋಟೊವನ್ನು ಮುಂದೆ ಎಷ್ಟು ಎಳೆದು ಸರಿ ಮಾಡಬೇಕಾಗುತ್ತದೆ ಅನ್ನುವುದನ್ನು ನೋಡಿ ಬಿಟ್ ತೀರ್ಮಾನ ಮಾಡಬೇಕು. ಮಾಸಿದ್ದು, ಕೆಂಪಾದದ್ದು, ಕಪ್ಪುಗಟ್ಟಿದ್ದು, ನೆಗೆಟಿವ್, ಇವಕ್ಕೆಲ್ಲ 48. ಚೆನ್ನಾಗಿರುವ ಪ್ರಿಂಟಿಗೆ 24 ಸಾಕು. ಅನುಮಾನ ಬಂದರೆ 48 ಮಾಡಿ. ಆಮೇಲೆ 48ರಿಂದ 24ಕ್ಕೆ ಇಳಿಯಬಹುದು. 24ನ್ನು 48 ಅಂತ ಸೇವ್ ಮಾಡಿದರೆ ಫೈಲ್ ಮಾತ್ರ ದಪ್ಪ ಆಗುತ್ತದೆ, ಕಳೆದ ಹಂತಗಳು ಬರುವುದಿಲ್ಲ.

ಸರಿ ಮಾಡುವ ಸಾಫ್ಟ್‌ವೇರೂ 16 ಬಿಟ್ ಹಿಡಿಯುವಂಥದ್ದೇ ಆಗಬೇಕು. ಉಚಿತವಾಗಿ ಸಿಗುವ ಗಿಂಪ್‌ನಲ್ಲಿ 2018ರ 2.10 ಆವೃತ್ತಿಯಿಂದ ಇದು ಇದೆ. ಅದಕ್ಕಿಂತ ಹಳೆಯದು ನಿಮ್ಮ ಕಂಪ್ಯೂಟರಿನಲ್ಲಿದ್ದರೆ ಅದು ತೆರೆಯುವಾಗಲೇ 8 ಬಿಟ್ ಮಾಡಿಬಿಡುತ್ತದೆ.

ಕಪ್ಪು ಬಿಳುಪು ಫೋಟೊಗಳ ಕಡೆ ಬಂದಾಗ ಇನ್ನೊಂದು ವಿಷಯ ಕಲಿತೆ. ಗ್ರೇಸ್ಕೇಲ್‌ನಲ್ಲಿ, ಅಂದರೆ ಬಣ್ಣ ಬಿಟ್ಟು ಬರೀ ಕಪ್ಪು ಬಿಳುಪಾಗಿ ಸ್ಕ್ಯಾನ್ ಮಾಡಿದರೆ, ಇರುವುದು ಒಂದೇ ಪದರ. 8 ಬಿಟ್ ಅಂದರೆ ಒಟ್ಟು ಇಡೀ ಫೋಟೊಗೆ 256 ಹಂತ ಅಷ್ಟೇ. ಇಲ್ಲಿ 16 ಬಿಟ್ ಮಾಡಿದರೂ ಬಣ್ಣದ 24 ಬಿಟ್ಟಿಗಿಂತ ಫೈಲ್ ಚಿಕ್ಕದೇ. ಹಾಗಾಗಿ ಕಪ್ಪು ಬಿಳುಪಿಗೆ ಕಣ್ಣು ಮುಚ್ಚಿಕೊಂಡು 16 ಬಿಟ್ ಇಟ್ಟೆ. ಕಲೆ ಬಿದ್ದ ಫೋಟೊ ಆದರೆ ಗ್ರೇಸ್ಕೇಲ್ ಬೇಡ, ಬಣ್ಣದಲ್ಲೇ ಸ್ಕ್ಯಾನ್ ಮಾಡಿ. ಅಜ್ಜನ ಒಂದು ಫೋಟೊ ಮೇಲೆ ಮಳೆನೀರು ಸೋರಿ ಹಳದಿ ಕಲೆ ಆಗಿತ್ತು, ರುಮಾಲಿನಿಂದ ಎಡಗಣ್ಣಿನವರೆಗೆ. ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಮೂರು ಪದರ ಬಿಡಿಸಿ ನೋಡಿದರೆ, ನೀಲಿ ಪದರದಲ್ಲಿ ಕಲೆ ಕಪ್ಪಗೆ ಎದ್ದು ಕಾಣುತ್ತಿತ್ತು. ಕೆಂಪು ಪದರದಲ್ಲಿ ಕಲೆಯೇ ಇಲ್ಲ ಅನ್ನುವಷ್ಟು ಕಡಿಮೆ. ಹಳದಿ ಬಣ್ಣ ನೀಲಿ ಬೆಳಕನ್ನು ಹೀರುತ್ತದೆ, ಕೆಂಪನ್ನು ಬಿಡುತ್ತದೆ. ಆ ಕೆಂಪು ಪದರವನ್ನೇ ಇಟ್ಟುಕೊಂಡು ಅಜ್ಜನ ಮುಖ ಪೂರ್ತಿ ವಾಪಸ್ ಸಿಕ್ಕಿತು. ಗ್ರೇಸ್ಕೇಲ್ ಮಾಡಿದ್ದರೆ ಕಲೆಯೂ ಮುಖವೂ ಒಂದರಲ್ಲೊಂದು ಕಲಸಿಹೋಗುತ್ತಿದ್ದವು.

ಡಿಪಿಐ ವಿಷಯ ಜಾಸ್ತಿ ಹೇಳುವಂಥದ್ದಿಲ್ಲ. ಪ್ರಿಂಟಿಗೆ 600. ಪಾಸ್‌ಪೋರ್ಟ್ ಸೈಜಿನ ಚಿಕ್ಕವಕ್ಕೆ 1200. ಪೋಸ್ಟ್‌ಕಾರ್ಡ್ ಸೈಜಿನ ಪ್ರಿಂಟಿಗೂ 1200 ಮಾಡಿ ನೋಡಿದೆ, ಕಾಗದದ ನಾರು ಬಿಟ್ಟು ಬೇರೇನೂ ಹೊಸದಾಗಿ ಕಾಣಲಿಲ್ಲ. ನೆಗೆಟಿವ್‌ಗೆ 2400. ವಿ600 ಪೆಟ್ಟಿಗೆ ಮೇಲೆ 6400 ಅಂತ ಇದೆ, ಆದರೆ ಇಂಥ ಸ್ಕ್ಯಾನರ್‌ಗಳಿಂದ ನಿಜವಾಗಿ ಸಿಗುವ ವಿವರ ಅದಕ್ಕಿಂತ ತುಂಬ ಕಡಿಮೆ.

ಫೈಲ್ ಯಾವುದು ಅನ್ನುವ ಪ್ರಶ್ನೆಗೆ ಟಿಫ್ ಅಂತ ತೀರ್ಮಾನ ಮಾಡಿದ್ದೇಕೆ ಅಂತ ಹೇಳುತ್ತೇನೆ. ಜೆಪೆಗ್ ಚಿಕ್ಕದಾಗುವುದು ಮಾಹಿತಿಯನ್ನು ಬಿಸಾಡಿ. ಚಿತ್ರವನ್ನು 8ಕ್ಕೆ 8ರ ಚೌಕಗಳಾಗಿ ಒಡೆದು, ಕಣ್ಣಿಗೆ ಅಷ್ಟಾಗಿ ಗೊತ್ತಾಗದ ವಿವರ ತೆಗೆಯುತ್ತದೆ. ತೆರೆದು ತಿದ್ದಿ ಮತ್ತೆ ಸೇವ್ ಮಾಡಿದಾಗಲೆಲ್ಲ ಇನ್ನಷ್ಟು ಹೋಗುತ್ತದೆ. ನೋಡುವುದಕ್ಕೆ ಪರವಾಗಿಲ್ಲ, ಮೂಲವಾಗಿ ಇಡಲು ಅಲ್ಲ. ಟಿಫ್ 1986ರಲ್ಲಿ ಬಂದದ್ದು. ಈಗಲೂ ಬಳಸುವ 6.0 ಆವೃತ್ತಿ 1992ರದ್ದು. ಇಷ್ಟು ವರ್ಷದಲ್ಲಿ ಅದು ಬದಲಾಗಿಲ್ಲ, ಕಂಪ್ಯೂಟರಿನ ಹೆಚ್ಚಿನ ಫೋಟೊ ಸಾಫ್ಟ್‌ವೇರ್‌ಗಳು ತೆರೆಯುತ್ತವೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಂಥ ಸಂಸ್ಥೆಗಳು ಫೋಟೊಗಳ ಮೂಲ ಪ್ರತಿಯನ್ನು ಟಿಫ್‌ನಲ್ಲೇ ಇಡುತ್ತವೆ. ಪಿಎನ್‌ಜಿ ಕೂಡ ಒಳ್ಳೆಯದೇ. ಏನೂ ಕಳೆಯುವುದಿಲ್ಲ, 16 ಬಿಟ್ ಹಿಡಿಯುತ್ತದೆ, ಟಿಫ್‌ಗಿಂತ ಚಿಕ್ಕದು. ಆದರೆ ದಿನಾಂಕ, ಸ್ಥಳದ ಮಾಹಿತಿ ಬರೆಯುವ ಎಕ್ಸಿಫ್ ಸೌಕರ್ಯ ಅದಕ್ಕೆ ತಡವಾಗಿ ಬಂತು. ಎಲ್ಲ ಸಾಫ್ಟ್‌ವೇರ್‌ಗಳೂ ಅದನ್ನು ಸರಿಯಾಗಿ ಓದುವುದಿಲ್ಲ. ನನಗೆ ಹೆಸರು, ಊರು ಫೈಲಿನೊಳಗೇ ಇರಬೇಕಿತ್ತು.

ಟಿಫ್ ಸೇವ್ ಮಾಡುವಾಗ ಕಂಪ್ರೆಷನ್ ಕೇಳುತ್ತದೆ. ಎಲ್‌ಝಡ್‌ಡಬ್ಲ್ಯೂ ಅನ್ನುವುದು ಏನೂ ಕಳೆಯದೆ ಚಿಕ್ಕದು ಮಾಡುವ ವಿಧಾನ. 24 ಬಿಟ್ ಫೈಲಿಗೆ ಚೆನ್ನಾಗಿ ಕೆಲಸ ಮಾಡಿತು. 48 ಬಿಟ್ ಫೈಲಿಗೆ ಹಾಕಿದರೆ ಚಿಕ್ಕದಾಗುವ ಬದಲು ದೊಡ್ಡದಾಯಿತು. ಹುಡುಗ ಏನೋ ಆಗಿದೆ ಅಂತ ಮತ್ತೆ ಮಾಡಿದ, ಮತ್ತೆ ಹಾಗೇ. 16 ಬಿಟ್ಟಿನ ಕೆಳಗಿನ ಹಂತಗಳಲ್ಲಿ ಸ್ಕ್ಯಾನರಿನ ಸಣ್ಣ ಏರಿಳಿತ ತುಂಬಿರುತ್ತದೆ. ಆ ವಿಧಾನಕ್ಕೆ ಹಿಡಿಯಲು ಒಂದು ಕ್ರಮ ಸಿಗುವುದಿಲ್ಲ. ಹಾಗಾಗಿ 48 ಬಿಟ್ ಫೈಲುಗಳನ್ನು ಕಂಪ್ರೆಷನ್ ಇಲ್ಲದೆ ಇಟ್ಟೆ. ಅದರಲ್ಲಿ ಇನ್ನೊಂದು ಅನುಕೂಲವೂ ಇದೆ. ಡಿಸ್ಕ್ ಕೆಟ್ಟು ಫೈಲಿನ ಚಿತ್ರದ ಭಾಗದಲ್ಲಿ ಒಂದೆರಡು ಬೈಟ್ ಹಾಳಾದರೆ ಒಂದೆರಡು ಚುಕ್ಕೆ ಮಾತ್ರ ಹೋಗುತ್ತದೆ, ಕಂಪ್ರೆಸ್ ಮಾಡಿದ್ದರೆ ದೊಡ್ಡ ತುಂಡೇ ಹೋಗಬಹುದು.

ಎಷ್ಟು ಜಾಗ ಬೇಕಾಯಿತು ಅಂತ ಎಲ್ಲರೂ ಕೇಳುತ್ತಾರೆ. 4 ಇಂಚು 6 ಇಂಚಿನ ಪ್ರಿಂಟ್ 600 ಡಿಪಿಐನಲ್ಲಿ 2400ಕ್ಕೆ 3600 ಚುಕ್ಕೆ. ಕಂಪ್ರೆಷನ್ ಇಲ್ಲದೆ 24 ಬಿಟ್ಟಿಗೆ ಸುಮಾರು 26 ಎಂಬಿ, 48 ಬಿಟ್ಟಿಗೆ 52 ಎಂಬಿ. ಗ್ರೇಸ್ಕೇಲ್ 16 ಬಿಟ್ ಆದರೆ 17 ಎಂಬಿ. ಅಪ್ಪನ ಚೌಕ ನೆಗೆಟಿವ್ 2400 ಡಿಪಿಐನಲ್ಲಿ ಒಂದು 56 ಎಂಬಿ. ಎಲ್ಲ ಸೇರಿ ನಮ್ಮ ಮನೆಯದು 60 ಜಿಬಿ ಚಿಲ್ಲರೆ. ಒಂದು ತಲೆಮಾರಿನ ಫೋಟೊಗಳೆಲ್ಲ ಈಗಿನ ಒಂದು ಮೊಬೈಲಿನಲ್ಲಿ ಹಿಡಿಸುವಷ್ಟೇ. ಜಾಗಕ್ಕೆ ಹೆದರಿ ಜೆಪೆಗ್ ಮಾಡುವ ಕಾಲ ಹೋಯಿತು ಅಂತ ನನ್ನ ಅಭಿಪ್ರಾಯ. ನಮಗೆ ಕಷ್ಟ ಕೊಟ್ಟಿದ್ದು ಲ್ಯಾಪ್‌ಟಾಪ್. 4 ಜಿಬಿ ರ್‍ಯಾಮ್‌ನ ಹಳೆಯದು, ನಾಲ್ಕು ದೊಡ್ಡ ಟಿಫ್ ತೆರೆದರೆ ನಿಂತುಬಿಡುತ್ತಿತ್ತು. 24 ಸಾಕು ಅನ್ನುವ ಕಡೆ 24ರಲ್ಲೇ ನಿಲ್ಲಿಸಿದ್ದಕ್ಕೆ ಅದೂ ಒಂದು ಕಾರಣ. ಮಧ್ಯಾಹ್ನ ಕರೆಂಟ್ ಹೋದರೆ ಅರ್ಧಕ್ಕೆ ನಿಂತ ಸ್ಕ್ಯಾನ್ ಮತ್ತೆ ಮೊದಲಿಂದ. ಆಮೇಲೆ ಬೆಳಗ್ಗೆ ಹೊತ್ತು ಮಾತ್ರ ಕೂರುವುದು ಅಂತ ರೂಢಿ ಮಾಡಿಕೊಂಡೆವು.

ನೆಗೆಟಿವ್‌ಗಳ ಕೆಲಸ ನಿಧಾನ. ರಬ್ಬರ್ ಬ್ಲೋವರಿನಿಂದ ಧೂಳು ಹಾರಿಸಿ, ಅಂಚು ಮಾತ್ರ ಮುಟ್ಟಿ ಹೋಲ್ಡರಿಗೆ ಹಾಕಬೇಕು. ಡಿಜಿಟಲ್ ಐಸ್ ಅಂತ ಧೂಳು, ಗೀರು ತೆಗೆಯುವ ಸೌಕರ್ಯ ಇದೆ. ಅದು ಇನ್‌ಫ್ರಾರೆಡ್ ಬೆಳಕಿನಿಂದ ಧೂಳನ್ನು ಗುರುತಿಸುತ್ತದೆ. ಬಣ್ಣದ ನೆಗೆಟಿವ್‌ಗೆ ಬಹಳ ಉಪಯೋಗ. ಕಪ್ಪು ಬಿಳುಪು ಫಿಲ್ಮ್‌ಗೆ ಮಾತ್ರ ಆಫ್ ಮಾಡಿ. ಅದರಲ್ಲಿರುವ ಬೆಳ್ಳಿಯ ಕಣಗಳು ಇನ್‌ಫ್ರಾರೆಡ್ಡನ್ನು ತಡೆಯುತ್ತವೆ. ಸಾಫ್ಟ್‌ವೇರ್ ಚಿತ್ರವನ್ನೇ ಧೂಳು ಅಂದುಕೊಂಡು ಅಳಿಸಲು ಹೋಗುತ್ತದೆ. ಬಣ್ಣದ ನೆಗೆಟಿವ್‌ನ ಕಿತ್ತಳೆ ಛಾಯೆ ತೆಗೆಯುವಾಗ ನೀಲಿ ಪದರವನ್ನು ಬಹಳ ಎಳೆಯಬೇಕಾಗುತ್ತದೆ. ಅದಕ್ಕೇ ಅಲ್ಲಿ 48 ಬಿಟ್ ಬಿಟ್ಟು ಬೇರೆ ಯೋಚನೆ ಮಾಡಬೇಡಿ.

ಆ ಕಾಲದ ಕೆಲವು ಪ್ರಿಂಟ್‌ಗಳ ಕಾಗದ ನುಣ್ಣಗಿರುವುದಿಲ್ಲ, ಮೇಲೆಲ್ಲ ಸಣ್ಣ ಉಬ್ಬು. ಸ್ಕ್ಯಾನ್ ಮಾಡಿದರೆ ಮುಖದ ತುಂಬ ಬಿಳಿ ಚುಕ್ಕೆ. ಇದಕ್ಕೆ ಫೋಟೊವನ್ನು ಒಂದು ಸಲ ನೇರ, ಒಂದು ಸಲ ತಲೆಕೆಳಗೆ ಇಟ್ಟು ಎರಡು ಸ್ಕ್ಯಾನ್ ಮಾಡಿ, ಗಿಂಪ್‌ನಲ್ಲಿ ಒಂದರ ಮೇಲೊಂದು ಕೂರಿಸಿ ಅರ್ಧರ್ಧ ಬೆರೆಸಿದೆವು. ಚುಕ್ಕೆ ಬಹಳ ಕಡಿಮೆಯಾಯಿತು. ತುಂಬ ಸಮಯ ಹಿಡಿಯುತ್ತದೆ, ಮುಖ್ಯವಾದವಕ್ಕೆ ಮಾತ್ರ ಮಾಡಿ. ಅಜ್ಜ ಅಜ್ಜಿಯ ಸ್ಟುಡಿಯೋ ಫೋಟೊ ಫ್ರೇಮಿನ ಗಾಜಿಗೇ ಅಂಟಿಕೊಂಡಿತ್ತು. ಕೀಳಲು ಹೋದರೆ ಮುಖವೇ ಗಾಜಿಗೆ ಹೋಗುತ್ತದೆ, ದಯವಿಟ್ಟು ಕೀಳಬೇಡಿ. ಕಿಟಕಿಯ ಪಕ್ಕ ಇಟ್ಟು, ಕ್ಯಾಮೆರಾ ಹಿಂದೆ ಕಪ್ಪು ಬಟ್ಟೆ ಕಟ್ಟಿ, ಕ್ಯಾಮೆರಾ ತಾನು ಹಿಡಿದದ್ದನ್ನು ತಿದ್ದದೆ ಹಾಗೇ ಉಳಿಸುವ ರಾ ಮೋಡ್‌ನಲ್ಲಿ ಫೋಟೊ ತೆಗೆದೆವು. ಕ್ಯಾಮೆರಾದ ರಾ ಫೈಲಿನಲ್ಲಿ ಸಾಮಾನ್ಯವಾಗಿ 12 ಅಥವಾ 14 ಬಿಟ್ ಇರುತ್ತದೆ. ಅದನ್ನೂ 16 ಬಿಟ್ ಟಿಫ್ ಆಗಿ ಉಳಿಸಿದೆ.

ಸ್ಕ್ಯಾನ್ ಮುಗಿದ ಮೇಲೆ ಹೆಸರು ಬರೆಯುವ ಕೆಲಸ. ಇದಕ್ಕೆ ದೊಡ್ಡಪ್ಪನನ್ನು ಕೂರಿಸಿಕೊಂಡೆ. ಅವರಿಗೆ ಈಗ ಕಣ್ಣು ಅಷ್ಟಾಗಿ ಕಾಣುವುದಿಲ್ಲ, ಆದರೆ ಟಿವಿಗೆ ಜೋಡಿಸಿ ದೊಡ್ಡದಾಗಿ ತೋರಿಸಿದರೆ ಒಬ್ಬೊಬ್ಬರನ್ನೂ ಗುರುತಿಸಿದರು. ನಾವು ದೇವರಾಯನದುರ್ಗ ಅಂದುಕೊಂಡಿದ್ದ ಒಂದು ಫೋಟೊ ನೋಡಿ, "ಇದು ಕೈದಾಳ ಕಣಮ್ಮ, ಚೆನ್ನಿಗರಾಯನ ಗುಡಿ ಬಾಗಿಲು" ಅಂದರು. ಈ ಕೆಲಸವನ್ನು ಮನೆಯಲ್ಲಿ ಹಿರಿಯರು ಇರುವಾಗಲೇ ಮಾಡಿ. ಸ್ಕ್ಯಾನ್ ಬೇಕಾದರೆ ಮುಂದಿನ ವರ್ಷವೂ ಆಗುತ್ತದೆ.

ಹೆಸರು, ಊರುಗಳನ್ನು ಡಿಜಿಕ್ಯಾಮ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಫೈಲಿನೊಳಗೇ ಬರೆದೆ. ಕನ್ನಡದಲ್ಲಿ ಬರೆದದ್ದು ಬೇರೆ ಒಂದು ಸಾಫ್ಟ್‌ವೇರಿನಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಿ ಕಂಡಿತು. ಫೈಲಿನೊಳಗೆ ಇಂಥ ವಿವರ ಬರೆಯಲು ಬೇರೆ ಬೇರೆ ಜಾಗ ಇವೆ. ಆ ಸಾಫ್ಟ್‌ವೇರ್ ಓದುತ್ತಿದ್ದದ್ದು ಐಪಿಟಿಸಿ ಅನ್ನುವ ಹಳೆ ಜಾಗವನ್ನು, ಅಲ್ಲಿ ಕನ್ನಡ ಸರಿಯಾಗಿ ಕೂರುವುದಿಲ್ಲ. ಎಕ್ಸ್‌ಎಂಪಿ ಅನ್ನುವ ಜಾಗದಲ್ಲಿ ಬರೆದರೆ ಯುನಿಕೋಡ್ ಇರುವುದರಿಂದ ಕನ್ನಡ ಕೆಡುವುದಿಲ್ಲ. ಅದರ ಮೇಲೆ ಪ್ರತಿ ಫೋಲ್ಡರಿನಲ್ಲೂ ಒಂದು ಸಾದಾ ಟೆಕ್ಸ್ಟ್ ಫೈಲ್ ಇಟ್ಟು ಅದೇ ವಿವರ ಬರೆದಿದ್ದೇನೆ. ದಿನಾಂಕ ಕೂಡ ತಿದ್ದಬೇಕು. ಇಲ್ಲದಿದ್ದರೆ ಮೊಬೈಲ್ ಗ್ಯಾಲರಿ ಅಪ್ಪನ ಕಾಲದ ಫೋಟೊವನ್ನೂ ಸ್ಕ್ಯಾನ್ ಮಾಡಿದ ದಿನದ್ದು ಅಂತ ಈ ವರ್ಷಕ್ಕೆ ಸೇರಿಸುತ್ತದೆ.

ಪ್ರತಿ ಫೋಟೊಗೂ ಈಗ ಎರಡು ಫೈಲ್. ಸ್ಕ್ಯಾನರಿನಿಂದ ಬಂದ ಹಾಗೇ ಇರುವ ಟಿಫ್ ಒಂದು, ಅದರ ಚಿತ್ರಕ್ಕೆ ಯಾರೂ ಕೈ ಹಚ್ಚುವಂತಿಲ್ಲ. ಅದರ ನಕಲಿನಲ್ಲಿ ಬಣ್ಣ ತಿದ್ದಿ, ಸಾಮಾನ್ಯ ತೆರೆಗಳಿಗೆ ಹೊಂದುವ ಎಸ್‌ಆರ್‌ಜಿಬಿ ಅನ್ನುವ ಬಣ್ಣದ ಅಳತೆಗೆ ತಂದು, 90ರ ಗುಣಮಟ್ಟದಲ್ಲಿ ಮಾಡಿದ ಜೆಪೆಗ್ ಇನ್ನೊಂದು. ನೆಂಟರಿಗೆ ಹೋಗುವುದು ಈ ಜೆಪೆಗ್. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಅಂತ ಕಳಿಸಿದರೆ ಅದು ಇನ್ನೂ ಕುಗ್ಗಿಸುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ, ಹಾಗೇ ತಲುಪುತ್ತದೆ.

2 ಟಿಬಿಯ ಎರಡು ಹಾರ್ಡ್ ಡಿಸ್ಕ್‌ಗೆ 12 ಸಾವಿರ ಆಯಿತು. ಒಂದು ನಮ್ಮ ಮನೆಯಲ್ಲಿ, ಒಂದು ತಿಪಟೂರಿನಲ್ಲಿ ಅಕ್ಕನ ಮನೆಯಲ್ಲಿ. ಮೂರನೆಯ ಪ್ರತಿ ಗೂಗಲ್ ಡ್ರೈವ್‌ನಲ್ಲಿ. ಉಚಿತದ 15 ಜಿಬಿ ಸಾಲದೆ ದುಡ್ಡು ಕಟ್ಟಿ 100 ಜಿಬಿ ತೆಗೆದುಕೊಂಡೆ. ಗೂಗಲ್ ಫೋಟೋಸ್‌ನಲ್ಲಿ ಸ್ಟೋರೇಜ್ ಸೇವರ್ ಆನ್ ಇದ್ದರೆ ಫೈಲನ್ನು ಕುಗ್ಗಿಸುತ್ತದೆ, ಅದಕ್ಕೆ ಡ್ರೈವ್‌ಗೆ ಹಾಕಿದ್ದು. ಪೆನ್‌ಡ್ರೈವ್ ನಂಬಿ ವರ್ಷಗಟ್ಟಲೆ ಬೀರುವಿನಲ್ಲಿ ಇಡಬೇಡಿ. ಎಲ್ಲ ಫೈಲಿಗೂ ಚೆಕ್‌ಸಮ್ (ಫೈಲಿನೊಳಗೆ ಇರುವುದನ್ನೆಲ್ಲ ಲೆಕ್ಕ ಹಾಕಿ ಬರುವ ಒಂದು ಸಂಖ್ಯೆ) ತೆಗೆದು ಒಂದು ಪಟ್ಟಿ ಮಾಡಿದ್ದೇವೆ. ಫೈಲಿನಲ್ಲಿ ಒಂದು ಬಿಟ್ ಬದಲಾದರೂ ಆ ಸಂಖ್ಯೆ ಬದಲಾಗುತ್ತದೆ. ಅಕ್ಕನ ಮನೆಗೆ ಹೋದಾಗಲೆಲ್ಲ ಹುಡುಗ ಅಲ್ಲಿನ ಡಿಸ್ಕನ್ನು ಪಟ್ಟಿಗೆ ತಾಳೆ ನೋಡುತ್ತಾನೆ.

ಮೂಲ ಫೋಟೊಗಳನ್ನು ಬಿಸಾಡುವ ಮಾತೇ ಇಲ್ಲ. ಅಂಟು ಹಾಳೆಯ ಆಲ್ಬಮ್‌ಗಳಿಂದ ಹಲ್ಲು ಶುಚಿ ಮಾಡುವ ದಾರ ತೂರಿಸಿ ಮೆಲ್ಲಗೆ ಬಿಡಿಸಿ, ಆಮ್ಲವಿಲ್ಲದ ಕಾಗದದ ಕವರುಗಳಲ್ಲಿ ಹಾಕಿ ಕೆಳಗಿನ ಕೋಣೆಯ ಬೀರುವಿಗೆ ತಂದಿದ್ದೇವೆ. ಸ್ಕ್ಯಾನರ್ ಈಗ ಶಿರಾದಲ್ಲಿ ಚಿಕ್ಕಪ್ಪನ ಮನೆಯಲ್ಲಿದೆ. ಅವರ ಹತ್ತಿರ ಸ್ಲೈಡ್‌ಗಳಿವೆ, ಅಂದರೆ ಚೌಕಟ್ಟಿನಲ್ಲಿ ಕೂರಿಸಿದ, ಬೆಳಕು ಹಾಯಿಸಿ ನೋಡುವ ಫಿಲ್ಮ್‌ಗಳು. ಸ್ಲೈಡ್‌ನ ಕಪ್ಪು ಭಾಗ ಪ್ರಿಂಟಿಗಿಂತ ಬಹಳ ದಟ್ಟ, ಅಲ್ಲಿ 48 ಬಿಟ್ ಇಲ್ಲದೆ ಆಗುವುದಿಲ್ಲ. ಡಿಜಿಟಲ್ ಐಸ್ ಹೆಚ್ಚಿನ ಬಣ್ಣದ ಸ್ಲೈಡ್‌ಗಳಿಗೆ ನಡೆಯುತ್ತದೆ, ಕೊಡಾಕ್ ಕಂಪನಿಯ ಕೊಡಾಕ್ರೋಮ್ ಸ್ಲೈಡ್ ಆದರೆ ಅದರಿಂದ ತೊಂದರೆ ಬರುತ್ತದೆ. ಹಾಗಾಗಿ ಮೊದಲು ಸ್ಲೈಡ್ ಚೌಕಟ್ಟಿನ ಮೇಲೆ ಏನು ಬರೆದಿದೆ ಅಂತ ನೋಡಿ ಎರಡು ಗುಂಪು ಮಾಡಿಟ್ಟುಕೊಳ್ಳಿ ಅಂತ ಚಿಕ್ಕಪ್ಪನಿಗೆ ಹೇಳಿ ಬಂದಿದ್ದೇನೆ.